ಕಪ್ಪತಗುಡ್ಡಕ್ಕೆ ಸೈಕಲ್ ಬರಲಿ, ಹೊಸ ಜಾಡು ಬೇಡ

ಮಾನ್ಯ ಸಂಪಾದಕರೇ,

ಕಪ್ಪತಗುಡ್ಡದ ಇಳಿಜಾರುಗಳಲ್ಲಿ ಗೇರ್ ಸೈಕಲ್ ಓಡಿಸುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚಿದೆ. ರವಿವಾರ ಬೆಳಗಿನಲ್ಲಿ ಗದಗ–ಮುಂಡರಗಿ ರಸ್ತೆಯಲ್ಲಿ ನಿಂತರೆ ಗದುಗಿನ ಹುಡುಗರು ಮಾತ್ರವಲ್ಲದೆ, ಹುಬ್ಬಳ್ಳಿ–ಧಾರವಾಡದಿಂದ ಕಾರಿನ ಹಿಂಬದಿಗೆ ಸೈಕಲ್ ಕಟ್ಟಿಕೊಂಡು ಬಂದವರೂ ಡೋಣಿ ಗ್ರಾಮದ ಕಡೆಗೆ ತಿರುಗುವುದನ್ನು ಕಾಣಬಹುದು. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ, ನಾನೂ ಅವರಲ್ಲೊಬ್ಬ. ಆದರೆ ಸವಾರರು ಕೂಡಿದಲ್ಲೆಲ್ಲ ಈಗ ಒಂದು ಮಾತು ಕೇಳಿಬರುತ್ತಿದೆ: ಗುಡ್ಡದೊಳಗೆ ಮೌಂಟೇನ್ ಬೈಕಿಂಗಿಗೆಂದೇ ಪ್ರತ್ಯೇಕ ಟ್ರೇಲ್‌ಗಳನ್ನು ಕಡಿಸಬೇಕು, ಅದರಿಂದ ಜಿಲ್ಲೆಗೆ ಪ್ರವಾಸಿಗರು ಬರುತ್ತಾರೆ, ಹಳ್ಳಿಗಳಿಗೆ ದುಡಿಮೆ ಸಿಗುತ್ತದೆ ಎಂದು. ಕೆಲವರು ಮಾತಿಗೆ ನಿಲ್ಲದೆ, ಯಾರ ಅನುಮತಿಗೂ ಕಾಯದೆ, ಗುಡ್ಡದ ನೆತ್ತಿಯಿಂದ ನೇರ ಕೆಳಕ್ಕೆ ಸೈಕಲ್ ಇಳಿಸಿ ತಮ್ಮದೇ ಜಾಡುಗಳನ್ನು ಮೂಡಿಸಿಬಿಟ್ಟಿದ್ದಾರೆ. ಈ ಕುರಿತು ಅರಣ್ಯ ಇಲಾಖೆಯ ಹಾಗೂ ಸಹಸವಾರರ ಗಮನ ಸೆಳೆಯುವುದಕ್ಕಾಗಿ ಈ ಪತ್ರ. ಕಪ್ಪತಗುಡ್ಡದಲ್ಲಿ ಸೈಕಲ್ ಓಡುವುದಾದರೆ ಅದು ಈಗಾಗಲೇ ಇರುವ ರಸ್ತೆ ಮತ್ತು ಚಕ್ಕಡಿ ದಾರಿಗಳ ಮೇಲೆ, ಅನುಮತಿಯೊಂದಿಗೆ, ಹಗಲಿನಲ್ಲಿ ಮಾತ್ರ ಓಡಬೇಕು. ಹೊಸದಾಗಿ ಒಂದು ಮಾರು ಜಾಡನ್ನೂ ಕಡಿಯಬಾರದು ಎಂಬುದು ನನ್ನ ವಿನಂತಿ.

ಗದಗದ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಶಿಂಗಟಾಲೂರಿನವರೆಗೆ, ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ 60 ಕಿಲೋಮೀಟರಿಗೂ ಹೆಚ್ಚು ದೂರ ಹಬ್ಬಿರುವ ಈ ಗುಡ್ಡಸಾಲಿನ ಬಗ್ಗೆ ಜಿಲ್ಲೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಹೊರಗಿನಿಂದ ಬರುವ ಸವಾರರಲ್ಲಿ ಅನೇಕರಿಗೆ ಇದು ವನ್ಯಜೀವಿಧಾಮ ಎಂಬುದೇ ತಿಳಿದಿಲ್ಲವಾದ್ದರಿಂದ ಸ್ವಲ್ಪ ಹಿಂದಿನದನ್ನು ನೆನಪಿಸುವುದು ಅಗತ್ಯ. 2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2017ರ ಫೆಬ್ರುವರಿಯಲ್ಲಿ ನಡೆದ ಹೋರಾಟದ ಫಲವಾಗಿ ಅದೇ ಏಪ್ರಿಲಿನಲ್ಲಿ ಸ್ಥಾನಮಾನ ಮರಳಿ ದೊರೆಯಿತು, ಮತ್ತು 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಸ್ವಾಮೀಜಿಯವರು ಉಳಿದಿರಲಿಲ್ಲ. ಹೋರಾಟ ನಡೆದದ್ದು ಗಣಿಗಾರಿಕೆಯ ವಿರುದ್ಧ, ಸೈಕಲ್ಲಿನ ವಿರುದ್ಧವಲ್ಲ ಎಂದು ಯಾರಾದರೂ ಹೇಳಬಹುದು. ಅದು ನಿಜ. ಸೈಕಲ್ಲನ್ನು ಗಣಿಯ ಜೊತೆ ತೂಗುವುದು ನ್ಯಾಯವೂ ಅಲ್ಲ. ಆದರೂ ಊರಿನ ಜನ ಬೀದಿಗಿಳಿದು ಉಳಿಸಿಕೊಂಡ ನೆಲದಲ್ಲಿ, ಅನುಮತಿ ಕೇಳದೆ ಜಾಡು ಕಡಿಯುವ ಹಕ್ಕು ಯಾರಿಗೂ ಬಂದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 27ನೆಯ ಪ್ರಕರಣದ ಪ್ರಕಾರ ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಆಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರನ್ನು ಬಿಟ್ಟರೆ, ವನ್ಯಜೀವಿಧಾಮದೊಳಗೆ ಬೇರೆಯವರ ಪ್ರವೇಶಕ್ಕೆ ಪರವಾನಗಿ ಬೇಕು. 28ನೆಯ ಪ್ರಕರಣದಲ್ಲಿ ಅಂಥ ಪರವಾನಗಿಯನ್ನು ಕೊಡಬಹುದಾದ ಉದ್ದೇಶಗಳ ಪೈಕಿ ಪ್ರವಾಸೋದ್ಯಮವೂ ಸೇರಿದೆ. ಅಂದರೆ ಸೈಕಲ್ ಸವಾರಿಗೆ ಬಾಗಿಲು ಮುಚ್ಚಿಲ್ಲ, ಬಾಗಿಲಲ್ಲಿ ನಿಂತು ಕೇಳಬೇಕು ಅಷ್ಟೆ. ಕಪ್ಪತ ಮಲ್ಲೇಶ್ವರನ ಗುಡಿಗೆ ಹೋಗುವ ರಸ್ತೆಯಲ್ಲಿ ಭಕ್ತರು ಹೋಗುತ್ತಾರಲ್ಲ, ನಾವೇಕೆ ಹೋಗಬಾರದು ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಗುಡಿಯ ರಸ್ತೆಯಲ್ಲಿ ಹೋಗುವುದರ ಬಗ್ಗೆ ಯಾರ ತಕರಾರೂ ಇಲ್ಲ. ಗುಡಿಯ ಹಿಂದಿನಿಂದ ಹುಲ್ಲಿನ ನಡುವೆ ಇಳಿಯುವುದೇ ತಕರಾರಿನ ವಿಷಯ.

ಸವಾರರ ಬಯಕೆ ಹುಸಿಯಾದುದಲ್ಲ ಎಂಬುದನ್ನೂ ಹೇಳಬೇಕು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ರಾಜ್ಯಕ್ಕೆ ಒಳ್ಳೆಯ ಸೈಕ್ಲಿಸ್ಟುಗಳನ್ನು ಕೊಟ್ಟಿವೆ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲಿಯೇ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಿಂದಲೂ ಕ್ರಾಸ್ ಕಂಟ್ರಿ ಮೌಂಟೇನ್ ಬೈಕಿಂಗ್ ಪದಕದ ಸ್ಪರ್ಧೆಯಾಗಿದೆ. ಕಲ್ಲು, ಏರು, ತಿರುವುಗಳ ಮೇಲೆ ಅಭ್ಯಾಸ ಮಾಡದೆ ಈ ಆಟದಲ್ಲಿ ಯಾರೂ ಮುಂದೆ ಬರಲಾರರು. ಲಾರಿಗಳು ಮೈಮೇಲೆ ಬರುವ ಹೆದ್ದಾರಿಯ ಅಂಚಿನಲ್ಲಿ ತರಬೇತಿ ಮಾಡುವ ನಮ್ಮ ಮಕ್ಕಳಿಗೆ ಸುರಕ್ಷಿತವಾದ ಒರಟು ನೆಲ ಬೇಕೇ ಬೇಕು. ಅದು ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಮಣ್ಣಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸವಾರರು ಸಾಮಾನ್ಯವಾಗಿ ಕಡೆಗಣಿಸುವುದು ಇದನ್ನೇ. ಕಪ್ಪತಗುಡ್ಡದ ಮೈಮೇಲೆ ಇರುವುದು ಕಬ್ಬಿಣದಂಶದ ಶಿಲೆಯನ್ನು ಹೊದ್ದಿರುವ ತೆಳುವಾದ ಕೆಂಪು ಮಸಾರಿ. ಅನೇಕ ಕಡೆ ಗೇಣುದ್ದ ಅಗೆದರೆ ಗರಸೋ ಬಂಡೆಯೋ ಸಿಗುತ್ತದೆ. ಆ ಮಣ್ಣನ್ನು ಹಿಡಿದಿಟ್ಟಿರುವುದು ಬಾದೆ ಹುಲ್ಲಿನ ಬೇರು ಮತ್ತು ಕುರುಚಲು ಗಿಡಗಳು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಆದರೆ ಅದು ಮಲೆನಾಡಿನಂತೆ ಜಿಟಿಜಿಟಿಯಾಗಿ ಬೀಳುವುದಿಲ್ಲ. ಹುಬ್ಬಿ, ಉತ್ತರಿ ಮಳೆಗಳು ಒಂದೊಂದು ಸಂಜೆಯಲ್ಲಿ ರಭಸದಿಂದ ಸುರಿದು ಹೋಗುತ್ತವೆ. ಹಾಗೆ ಸುರಿಯುವ ನೀರಿಗೆ ಇಳಿಜಾರಿನಲ್ಲಿ ಒಂದು ನೇರ ಗೀರು ಸಿಕ್ಕರೆ ಸಾಕು, ಅದು ಹುಲ್ಲಿನೊಳಗೆ ಹರಡಿ ಇಂಗುವುದನ್ನು ಬಿಟ್ಟು ಗೀರಿನಲ್ಲೇ ಓಡುತ್ತದೆ. ಎರಡು ಇಂಚು ಅಗಲದ ಟೈರು ಏರು ಹತ್ತುವಾಗ ಮಾಡುವ ಹಾನಿ ಅಲ್ಪ. ಇಳಿಯುವಾಗ ಹಿಂದಿನ ಬ್ರೇಕನ್ನು ಒತ್ತಿ ಚಕ್ರವನ್ನು ಜಾರಿಸಿದಾಗ ಹುಲ್ಲಿನ ಬುಡ ಕಿತ್ತು ನೆಲ ಉತ್ತಂತಾಗುತ್ತದೆ. ಮೊದಲ ಮಳೆಗಾಲದಲ್ಲಿ ಬೆರಳಿನ ಆಳ, ಮುಂದಿನ ಮಳೆಗಾಲಗಳಲ್ಲಿ ಮೊಳಕಾಲಿನ ಆಳ. ಆ ಕೊರಕಲಿನಲ್ಲಿ ಸೈಕಲ್ ಓಡಿಸಲಾಗದೆ ಸವಾರರು ಪಕ್ಕಕ್ಕೆ ಸರಿದು ಇನ್ನೊಂದು ಜಾಡು ಮಾಡುತ್ತಾರೆ, ಅದೂ ಕೊರೆದ ಮೇಲೆ ಮತ್ತೊಂದು.

ಜಾಡು ನಿರ್ಮಿಸುವುದು ಒಂದು ಶಾಸ್ತ್ರವೇ ಆಗಿದೆ. ಅಮೆರಿಕದಲ್ಲಿ 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟೇನ್ ಬೈಸಿಕ್ಲಿಂಗ್ ಸಂಘವು ಪ್ರಚಾರಕ್ಕೆ ತಂದ ಸೂತ್ರಗಳು ಇಂದು ಎಲ್ಲ ಕಡೆ ಬಳಕೆಯಲ್ಲಿವೆ. ನೀರು ಹರಿಯುವ ದಿಕ್ಕಿನಲ್ಲಿ ನೇರವಾಗಿ ಜಾಡು ಇಳಿಯಬಾರದು. ಗುಡ್ಡದ ಮೈಗೆ ಅಡ್ಡಲಾಗಿ ಸಾಗಬೇಕು. ಜಾಡಿನ ಏರು ಅದು ಹಾಯುವ ಇಳಿಜಾರಿನ ಏರಿನ ಅರ್ಧವನ್ನು ಮೀರಬಾರದು, ಸರಾಸರಿ ನೂರಕ್ಕೆ ಹತ್ತನ್ನು ದಾಟಬಾರದು. ನೀರು ಜಾಡಿನ ಮೇಲೆ ನಿಲ್ಲದೆ ಅಡ್ಡ ದಾಟಿ ಹೋಗುವಂತೆ ಹೊರ ಅಂಚಿನ ಕಡೆಗೆ ನೂರಕ್ಕೆ ಐದರಷ್ಟು ಓರೆ ಕೊಡಬೇಕು, ಅಲ್ಲಲ್ಲಿ ತಗ್ಗು–ಉಬ್ಬುಗಳನ್ನು ಮಾಡಿ ನೀರನ್ನು ಹೊರಹಾಕಬೇಕು. ಹೀಗೆ ಮಾಡಿದ ಜಾಡು ಬಾಳುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹೀಗೆ ಮಾಡಬೇಕಾದರೆ ಗುಡ್ಡದ ಮೈಯನ್ನು ಮೆಟ್ಟಿಲಿನಂತೆ ಕಡಿಯಬೇಕು, ಕಲ್ಲು ಎಬ್ಬಿಸಬೇಕು, ಗಿಡ ಸವರಬೇಕು, ಪ್ರತಿ ಮಳೆಗಾಲದ ನಂತರ ದುರಸ್ತಿ ಮಾಡಬೇಕು. ವನ್ಯಜೀವಿಧಾಮದ ಹೊರಗೆ ಇದು ಶ್ಲಾಘನೀಯ ಕೆಲಸ. ಒಳಗೆ ಇದೇ ಕೆಲಸ ಆವಾಸಸ್ಥಾನದ ನಾಶ. ಇನ್ನೊಂದು ಮಾತು: ಸೈಕಲ್ ಚಕ್ರಕ್ಕಿಂತ ಕುದುರೆಯ ಗೊರಸೇ ಹೆಚ್ಚು ಮಣ್ಣು ಸಡಿಲಿಸುತ್ತದೆ ಎಂದು ಮೊಂಟಾನಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ವಿಲ್ಸನ್ ಮತ್ತು ಸೆನಿ ಅವರ ಅಧ್ಯಯನ ಕಂಡುಕೊಂಡಿತ್ತು, ಅದನ್ನು ನಮ್ಮ ಸವಾರರು ಆಗಾಗ ಎತ್ತಿ ಹೇಳುತ್ತಾರೆ. ಆ ಅಧ್ಯಯನ ನಡೆದದ್ದು ಮೊದಲೇ ಇದ್ದ ಜಾಡುಗಳ ಮೇಲೆ. ಜಾಡೇ ಇಲ್ಲದ ಹುಲ್ಲುಗಾವಲಿನಲ್ಲಿ ಮೊದಲ ಗೀರು ಎಳೆಯುವವರಿಗೆ ಅದರಿಂದ ಯಾವ ಸಮರ್ಥನೆಯೂ ಸಿಗುವುದಿಲ್ಲ.

ಇದಕ್ಕೆ ಸಾಕ್ಷಿ ಬೇಕಾದವರು ಗಾಳಿಯಂತ್ರಗಳಿಗಾಗಿ ಗುಡ್ಡದ ನೆತ್ತಿಯ ಮೇಲೆ ಕಡಿದ ರಸ್ತೆಗಳ ಅಂಚನ್ನು ಮಳೆಗಾಲದ ಕೊನೆಯಲ್ಲಿ ಒಮ್ಮೆ ನೋಡಬೇಕು. ಕಡಿದ ಗರಸು ಕೆಳಗಿನ ಇಳಿಜಾರಿನಲ್ಲಿ ಜಾರಿ ನಿಂತ ಕಡೆ ಹುಲ್ಲು ಮತ್ತೆ ಚಿಗುರಲು ಎಷ್ಟು ಕಷ್ಟಪಡುತ್ತಿದೆ ಎಂಬುದು ಯಾರಿಗೂ ಹೇಳಿಕೊಡದೆಯೇ ತಿಳಿಯುತ್ತದೆ.

ಪ್ರಾಣಿಗಳ ವಿಷಯಕ್ಕೆ ಬಂದರೆ, ಕಪ್ಪತಗುಡ್ಡವನ್ನು ವನ್ಯಜೀವಿಧಾಮವೆಂದು ಘೋಷಿಸಲು ಔಷಧೀಯ ಸಸ್ಯಗಳಷ್ಟೇ ಕಾರಣವಲ್ಲ. ಚಿರತೆ, ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ, ಮುಳ್ಳುಹಂದಿಗಳು ಇಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುವಂಥವು, ಮತ್ತು ಬಿಸಿಲಿಗೆ ಅಂಜುವ ನಮ್ಮ ಸವಾರರು ಹೊರಡುವುದೂ ನಸುಕಿನಲ್ಲೇ. ಬೆಟ್ಟದ ಸೈಕಲ್ಲಿಗೆ ಎರಡು ಗುಣಗಳಿವೆ: ವೇಗ ಮತ್ತು ನಿಶ್ಶಬ್ದ. ಎರಡೂ ಸವಾರನಿಗೆ ಪ್ರಿಯ, ಆದರೆ ಪ್ರಾಣಿಗೆ ಇವೆರಡೂ ಕೂಡಿದರೆ ಅಪಾಯ. ಕುರಿಗಾಹಿ ಕೂಗುತ್ತ, ಕೋಲು ಬಡಿಯುತ್ತ, ನಿಧಾನವಾಗಿ ಬರುತ್ತಾನೆ. ಪ್ರಾಣಿ ದೂರದಲ್ಲೇ ಅರಿತು ಸರಿಯುತ್ತದೆ. ಸೈಕಲ್ ತಿರುವಿನಲ್ಲಿ ಒಮ್ಮೆಲೇ ಎದುರಾಗುತ್ತದೆ. 2016ರಲ್ಲಿ ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಹತ್ತಿರ ವೇಗವಾಗಿ ಇಳಿಯುತ್ತಿದ್ದ ಸವಾರನೊಬ್ಬ ತಿರುವಿನಲ್ಲಿ ಗ್ರಿಜ್ಲಿ ಕರಡಿಗೆ ನೇರವಾಗಿ ಡಿಕ್ಕಿ ಹೊಡೆದು, ಕರಡಿಯ ದಾಳಿಗೆ ಬಲಿಯಾದ. ನಮ್ಮಲ್ಲಿ ಗ್ರಿಜ್ಲಿ ಇಲ್ಲ. ಆದರೆ ಬೆದರಿದ ಚಿರತೆಯ ನಡವಳಿಕೆಯನ್ನು ಮೊದಲೇ ಹೇಳಬಲ್ಲವರು ಯಾರು? ತೋಳಗಳು ಹೆಚ್ಚಾಗಿ ಮರಿ ಹಾಕುವುದು ಚಳಿಗಾಲದಲ್ಲಿ, ಸವಾರಿಗೆ ಅತ್ಯಂತ ಹಿತವಾದ ಕಾಲವೂ ಅದೇ. ಗವಿಯ ಹತ್ತಿರ ಪದೇ ಪದೇ ಜನ ಓಡಾಡಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೊರಡುತ್ತದೆ, ಮತ್ತು ಆ ಬೇರೆಡೆ ಹೆಚ್ಚಾಗಿ ಊರಿನ ಹೊಲದ ಬದುವಿಗೆ ಸಮೀಪ.

ಬೆಂಕಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಗುಡ್ಡದ ಹುಲ್ಲು ಒಣಗಿ ನಿಂತಾಗ ಒಂದು ಬೀಡಿ ತುಂಡು ಏನು ಮಾಡಬಲ್ಲದು ಎಂಬುದು ಪ್ರತಿ ಬೇಸಿಗೆಯಲ್ಲೂ ಕಾಣುವ ಸಂಗತಿ. ಸೈಕಲ್ ಬೆಂಕಿ ಹಚ್ಚುವುದಿಲ್ಲ, ಆದರೆ ಸೈಕಲ್ ಗುಂಪಿನ ಜೊತೆ ಚಹಾ ಕಾಯಿಸುವ ಒಲೆಯೂ ಸಿಗರೇಟೂ ಗುಡ್ಡ ಹತ್ತುತ್ತವೆ.

ಹೊರದೇಶಗಳಲ್ಲಿ ಕಾಡಿನೊಳಗೇ ಟ್ರೇಲ್‌ಗಳಿವೆಯಲ್ಲ ಎಂಬ ವಾದಕ್ಕೆ ಉತ್ತರ ಕೊಡಬೇಕಾಗುತ್ತದೆ. ಇವೆ, ಆದರೆ ಎಂಥ ಕಾಡಿನಲ್ಲಿ? ವೇಲ್ಸ್‌ನ ಕೊಯಿಡ್ ಅ ಬ್ರೆನಿನ್, ನ್ಯೂಜಿಲೆಂಡಿನ ರೊಟೊರುವಾ, ಈ ಆಟದ ಯಾತ್ರಾಸ್ಥಳಗಳೆನಿಸಿದ ಇವೆರಡರಲ್ಲೂ ಪ್ರಸಿದ್ಧ ಜಾಡುಗಳು ಇರುವುದು ಮರಕ್ಕಾಗಿ ಮನುಷ್ಯರೇ ನೆಟ್ಟು ಬೆಳೆಸಿದ ತೋಪುಗಳಲ್ಲಿ. ಜರ್ಮನಿಯ ಬಾಡೆನ್–ವುರ್ಟೆಂಬರ್ಗ್ ರಾಜ್ಯದಲ್ಲಿ ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಗಳಲ್ಲಿ ಸೈಕಲ್ ಓಡಿಸುವುದು ಕಾನೂನಿನ ಪ್ರಕಾರ ನಿಷಿದ್ಧ. ಮೌಂಟೇನ್ ಬೈಕ್ ಹುಟ್ಟಿದ ನಾಡೆಂದು ಹೆಸರಾದ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯಲ್ಲೇ ಟಮಾಲ್‌ಪೈಸ್ ಬೆಟ್ಟದ ಕಿರುದಾರಿಗಳಲ್ಲಿ ಬಹುಪಾಲು ಸೈಕಲ್ಲಿಗೆ ಮುಚ್ಚಿವೆ, ಸವಾರರು ಓಡಾಡುವುದು ಹೆಚ್ಚಾಗಿ ಕಾಡ್ಗಿಚ್ಚು ಆರಿಸುವ ವಾಹನಗಳಿಗಾಗಿ ಮಾಡಿದ ಅಗಲವಾದ ರಸ್ತೆಗಳಲ್ಲಿ. ಅಮೆರಿಕದಲ್ಲಿ 1964ರ ವನಪ್ರದೇಶ ಕಾಯ್ದೆಯ ಕೆಳಗೆ ಬರುವ ಕಾಡುಗಳಿಗೆ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಅದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ನಮಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ.

ಹಾಗಾದರೆ ಎಲ್ಲಿ? ಡೋಣಿಯಿಂದ ಕಪ್ಪತ ಮಲ್ಲೇಶ್ವರದ ಕಡೆಗೆ ಹೋಗುವ ರಸ್ತೆ, ಗಾಳಿಯಂತ್ರಗಳ ಸೇವಾ ರಸ್ತೆಗಳು, ಗುಡ್ಡದ ಬುಡದಲ್ಲಿ ಊರಿಂದೂರಿಗೆ ಸಾಗುವ ಹಳೆಯ ಚಕ್ಕಡಿ ದಾರಿಗಳು ಸಾಧಾರಣ ಸವಾರನಿಗೆ ಸಾಲದೇ ಇರುವಂಥವಲ್ಲ. ಗಾಳಿಯಂತ್ರದ ರಸ್ತೆಗಳಲ್ಲಿ ಏರು ಹತ್ತಿದವರು ಕಾಲಿನ ನೋವಿನ ಬಗ್ಗೆ ದೂರಬಹುದೇ ಹೊರತು ಸವಾಲು ಕಡಿಮೆಯೆಂದು ದೂರಲಾರರು. ಆಗಲೇ ಆಗಿಹೋದ ಗಾಯಕ್ಕೆ ಒಂದು ಉಪಯೋಗವಾದರೂ ದೊರೆಯುತ್ತದೆ. ಬಳಕೆಯ ಶುಲ್ಕದಿಂದ ಅವುಗಳ ಅಂಚಿನ ಚರಂಡಿ ದುರಸ್ತಿಯನ್ನೂ ಮಾಡಿಸಬಹುದು. ಇನ್ನು ಸ್ಪರ್ಧೆಗಾಗಿ ಅಭ್ಯಾಸ ಮಾಡುವ ಮಕ್ಕಳಿಗೆ ಬೇಕಾದ ಕಡಿದಾದ ತಿರುವು, ಕಲ್ಲಿನ ಹಾಸು, ಜಿಗಿತಗಳುಳ್ಳ ಜಾಡನ್ನು ವನ್ಯಜೀವಿಧಾಮದ ಗಡಿಯಾಚೆ, ಬಿಂಕದಕಟ್ಟಿಯ ಸುತ್ತಲಿನ ಮಡ್ಡಿಯಲ್ಲೋ ನೆಡುತೋಪಿನಲ್ಲೋ, ಮೇಲೆ ಹೇಳಿದ ಶಾಸ್ತ್ರದ ಪ್ರಕಾರ ಜಿಲ್ಲಾಡಳಿತವೂ ಕ್ರೀಡಾ ಇಲಾಖೆಯೂ ಕೂಡಿ ನಿರ್ಮಿಸಲಿ. ಧಾರವಾಡ, ಹಾವೇರಿ ಜಿಲ್ಲೆಗಳ ಮಕ್ಕಳೂ ಬಂದು ಬಳಸಲಿ.

ಅನುಮತಿ ಎಂದೊಡನೆ ಇಲಾಖೆಯ ಕಚೇರಿಗೆ ಅಲೆದಾಟ ಎಂದು ಸವಾರರು ಅಂಜುತ್ತಾರೆ, ಆ ಅಂಜಿಕೆಗೆ ಆಧಾರವಿಲ್ಲದಿಲ್ಲ. ಆದರೆ ಚಾರಣಕ್ಕೆ ಇಂದು ಆನ್‌ಲೈನ್ ಮುಂಗಡ ನೋಂದಣಿ ಬಂದಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಗೇ ಜನಸಾಗರ ನುಗ್ಗಿದ ಮೇಲೆ, ಆನ್‌ಲೈನ್ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಆ ಪರಿಸ್ಥಿತಿ ಬರುವವರೆಗೆ ಕಾಯದೆ, ಅದೇ ವ್ಯವಸ್ಥೆಯಲ್ಲಿ ಕಪ್ಪತಗುಡ್ಡದ ನಿಗದಿತ ದಾರಿಗಳನ್ನೂ ಸೇರಿಸಿ, ದಿನಕ್ಕೆ ಇಷ್ಟೇ ಸವಾರರು ಎಂದು ಮಿತಿ ಹಾಕಬಹುದು. ಸೂರ್ಯ ಹುಟ್ಟಿ ಒಂದು ತಾಸಿನ ನಂತರ ಒಳಗೆ, ಮುಳುಗುವುದಕ್ಕೆ ಒಂದು ತಾಸು ಮೊದಲು ಹೊರಗೆ. ನೆಲ ಹಸಿಯಿರುವ ಮಳೆಗಾಲದಲ್ಲಿಯೂ ಹುಲ್ಲು ಒಣಗಿದ ಬೇಸಿಗೆಯಲ್ಲಿಯೂ ಗುಡಿಯ ರಸ್ತೆಯೊಂದನ್ನು ಬಿಟ್ಟು ಉಳಿದವು ಬಂದ್. ಚಳಿಗಾಲದಲ್ಲಿ ಗವಿಗಳಿರುವ ಭಾಗಗಳ ದಾರಿಯನ್ನು ಇಲಾಖೆ ಸೂಚಿಸಿದಷ್ಟು ದಿನ ಬಿಡಬೇಕು. ಮೋಟಾರು ಕೂಡಿಸಿದ ಸೈಕಲ್ಲುಗಳಿಗೆ ಈಗಲೇ ಬೇಡವೆನ್ನುವುದು ಒಳ್ಳೆಯದು. ಆಮೇಲೆ ಅದನ್ನೇ ತೋರಿಸಿ ಮೋಟಾರ್‌ಸೈಕಲ್ಲಿನವರು ಒಳಗೆ ಬರುತ್ತಾರೆ.

ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ, ಅದು ನನ್ನನ್ನು ಮಣ್ಣು, ಪ್ರಾಣಿಗಳಿಗಿಂತಲೂ ಹೆಚ್ಚು ಕಾಡುತ್ತದೆ. ವನ್ಯಜೀವಿಧಾಮದೊಳಗೆ ಮೇವು ಮೇಯಿಸುವುದನ್ನು ನಿಯಂತ್ರಿಸಲು, ಬೇಕೆಂದರೆ ನಿಷೇಧಿಸಲು ಕಾಯ್ದೆ ಅಧಿಕಾರ ಕೊಟ್ಟಿದೆ. ತಲೆಮಾರುಗಳಿಂದ ಗುಡ್ಡದಲ್ಲಿ ಕುರಿ ಕಾದವರಿಗೆ, ಬೇರು ನಾರು ತಂದು ಔಷಧ ಕೊಟ್ಟವರಿಗೆ, ಸೌದೆ ಆಯ್ದ ತಾಂಡಾದ ಹೆಣ್ಣುಮಕ್ಕಳಿಗೆ ‘ಇಲ್ಲಿಂದಾಚೆ ಬರಬೇಡಿ’ ಎನ್ನುವ ಕೈ, ಬೆಲೆಬಾಳುವ ಸೈಕಲ್ಲಿನವರಿಗೆ ಹೊಸ ದಾರಿ ಕಡಿದುಕೊಟ್ಟರೆ ಆ ಜನ ಕಾನೂನಿನ ಮೇಲೆ ಯಾವ ನಂಬಿಕೆ ಇಟ್ಟಾರು? ಅವರ ನಂಬಿಕೆಯಿಲ್ಲದೆ ಈ ಗುಡ್ಡದಲ್ಲಿ ಒಂದು ಬೇಸಿಗೆಯ ಬೆಂಕಿಯನ್ನೂ ಆರಿಸಲಾಗದು. ಆದ್ದರಿಂದ ಸವಾರಿಯ ಶುಲ್ಕದಲ್ಲಿ ಪಾಲು ಗುಡ್ಡದಂಚಿನ ಗ್ರಾಮಗಳ ಸಮಿತಿಗಳಿಗೆ ಹೋಗಲಿ, ಮಾರ್ಗದರ್ಶಿಗಳಾಗಿ ಆ ಊರಿನ ಹುಡುಗರೇ ಇರಲಿ, ಯಾವ ದಾರಿ ತೆರೆಯಬೇಕು ಎಂಬ ತೀರ್ಮಾನದಲ್ಲಿ ಕುರಿಗಾಹಿಗಳ ಮಾತನ್ನೂ ಕೇಳಲಿ. ದಾರಿಯಲ್ಲಿ ಕುರಿ ಹಿಂಡು ಎದುರಾದರೆ ಇಳಿದು ನಿಲ್ಲಬೇಕಾದವನು ಸವಾರ.

ಸಹಸವಾರರಲ್ಲಿ ಒಂದು ಮಾತು. ಸವಾರಿಯ ದಾರಿಯನ್ನೂ ಸಮಯವನ್ನೂ ದಾಖಲಿಸುವ ಸ್ಟ್ರಾವಾದಂಥ ಆ್ಯಪ್‌ಗಳಲ್ಲಿ ಒಬ್ಬ ಹಾಕಿದ ಗೀಟು ಮರುವಾರ ಹತ್ತು ಮಂದಿಯ ದಾರಿಯಾಗುತ್ತದೆ. ಅದರ ಮೇಲೆ ಸಮಯದ ಪೈಪೋಟಿ ಶುರುವಾದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವವರೇ ಇರುವುದಿಲ್ಲ. ಈಗಾಗಲೇ ಮೂಡಿರುವ ಅನಧಿಕೃತ ಜಾಡುಗಳನ್ನು ದಯವಿಟ್ಟು ಆ್ಯಪ್‌ಗಳಿಂದ ಅಳಿಸಿ. ನಮ್ಮ ಗುಂಪುಗಳಲ್ಲಿ ಯಾರು ಎಲ್ಲಿ ಇಳಿದರೆಂಬುದು ನಮಗೇ ಗೊತ್ತು, ಇಲಾಖೆ ಬಂದು ಹೇಳುವ ಅಗತ್ಯವಿಲ್ಲ.

ಗದಗ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳು ಮುಂದಿನ ಚಳಿಗಾಲದ ಸವಾರಿ ಶುರುವಾಗುವ ಮೊದಲು ತೆರೆದ ದಾರಿಗಳ ನಕ್ಷೆಯನ್ನು ಪ್ರಕಟಿಸಬೇಕು. ಡೋಣಿ, ಕಡಕೋಳ ಮೊದಲಾದ ಕಡೆಗಳಲ್ಲಿ ಎಲ್ಲಿಯವರೆಗೆ ಸೈಕಲ್, ಎಲ್ಲಿಂದ ಬೇಡ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ಫಲಕಗಳನ್ನು ನೆಡಿಸಬೇಕು. ಮೂಡಿರುವ ನೇರ ಜಾಡುಗಳ ಬಾಯಿಗೆ ಕಲ್ಲು, ಮುಳ್ಳು ಅಡ್ಡ ಹಾಕಿಸಿ, ಮುಂದಿನ ಮುಂಗಾರಿನ ಹೊತ್ತಿಗೆ ನೀರು ತಡೆಯುವ ಸಣ್ಣ ಒಡ್ಡುಗಳನ್ನು ಮಾಡಿಸಬೇಕು. ಈ ಕೆಲಸಕ್ಕೆ ಆಳು ಸಾಲದಿದ್ದರೆ ಕಲ್ಲು ಹೊರಲು ಗದುಗಿನ ಸವಾರರು ಸಿದ್ಧರಿದ್ದೇವೆ, ಇಲಾಖೆ ದಿನ ಗೊತ್ತುಪಡಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಓದುಗ ಹಾಗೂ ಸೈಕಲ್ ಸವಾರ, ಗದಗ